ಜರ್ಮನಿಯವರು ಬರುತ್ತಾರೆ ಸರಿ, ಉಳಿಯುತ್ತಾರಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಊರು ಗೋಕಾಕ ಕಡೆ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 16 ವರ್ಷದಿಂದ ಕಂಪನಿ ನಡೆಸುತ್ತಿದ್ದೇನೆ. ಎಲೆಕ್ಟ್ರಿಕ್ ಗಾಡಿಗಳ ಮೋಟಾರ್ ಕಂಟ್ರೋಲರ್ ಮಾಡುತ್ತೇವೆ. 140 ಜನ ಇದ್ದಾರೆ. ಈಗ ಸಿಲಿಕಾನ್ ಕಾರ್ಬೈಡ್ ಚಿಪ್ ಹಾಕಿದ ಹೊಸ ಕಂಟ್ರೋಲರ್ ಮಾಡಬೇಕು. ಅದಕ್ಕೆಂದು ಹೋದ ವರ್ಷ ಕೊರಿಯಾದಿಂದ ಒಬ್ಬ ಇಂಜಿನಿಯರನ್ನು ಕರೆಸಿದೆವು. ಒಳ್ಳೆ ಸಂಬಳ ಕೊಟ್ಟೆವು. ಏಳೇ ತಿಂಗಳಿಗೆ ಹೊರಟುಹೋದರು. ಹೆಂಡತಿಗೆ ಇಲ್ಲಿ ಸೇರಲಿಲ್ಲ ಅಂದ್ರು. ಈಗ ಜರ್ಮನಿಯ ಒಬ್ಬರು ಬರಲು ಮನಸ್ಸು ಮಾಡಿದ್ದಾರೆ. 46 ವರ್ಷ, ಹೆಂಡತಿ ಮತ್ತು 9 ವರ್ಷದ ಮಗಳು ಇದ್ದಾರೆ. ವೀಸಾ ಹೇಗೆ, ಸಂಬಳ ಎಷ್ಟು, ಈ ಸಲ ಇವರು ಬಿಟ್ಟು ಹೋಗದ ಹಾಗೆ ಏನು ಮಾಡಬೇಕು? ಎರಡು ವರ್ಷದ ಬಾಂಡ್ ಬರೆಸಿಕೊಳ್ಳಬಹುದಾ?

ಉತ್ತರ: ಕೊರಿಯಾದವರಿಂದಲೇ ಶುರು ಮಾಡೋಣ. ಅವರ ಕಥೆ ಅರ್ಥ ಆಗದೆ ಜರ್ಮನಿಯವರಿಗೆ ಟಿಕೆಟ್ ಕಳಿಸಬೇಡಿ.

ಪುಣೆಯಲ್ಲಿ 22 ವರ್ಷ ಇದೇ ಕೆಲಸ ಮಾಡಿದ್ದೇನೆ. ಹೊರದೇಶದ ಇಂಜಿನಿಯರುಗಳನ್ನು ಕರೆಸುವುದು, ಮನೆ ಹುಡುಕಿಕೊಡುವುದು, ಪೊಲೀಸ್ ಕಮಿಷನರ್ ಆಫೀಸಿಗೆ ಓಡಾಡುವುದು, ಕೊನೆಗೆ ಏರ್‌ಪೋರ್ಟಿಗೆ ಬಿಟ್ಟು ಬರುವುದು. ಅವಧಿಗೆ ಮೊದಲೇ ಹೊರಟವರೆಲ್ಲ ಹೇಳುವ ಕಾರಣ ಒಂದೇ: ಮನೆಯವರಿಗೆ ಸೇರಲಿಲ್ಲ. ಕೆಲವರಿಗೆ ಅದು ನಿಜ. ಉಳಿದವರಿಗೆ ಅದು ಮರ್ಯಾದೆಯ ಮಾತು. ನಿಮ್ಮ ಕಂಪನಿ ಸರಿಯಿಲ್ಲ ಅಂತ ಮುಖಕ್ಕೆ ಹೇಳಲಾಗದೆ ಹೆಂಡತಿಯ ಹೆಸರು ಹೇಳುತ್ತಾರೆ. ನಮ್ಮಲ್ಲೂ ಹುಡುಗಿ ಇಷ್ಟ ಆಗದಿದ್ದರೆ ಜಾತಕ ಕೂಡಿಬರಲಿಲ್ಲ ಅನ್ನುತ್ತೇವಲ್ಲ, ಹಾಗೆ.

ಅದಕ್ಕೇ ಬರೆಯುವ ಮೊದಲು ನಿಮಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಪತ್ರದಲ್ಲಿ ಇಲ್ಲದ ಒಂದು ವಿಷಯ ಆಗ ಹೊರಬಂತು. ಬಂದ ಮೊದಲ ವಾರವೇ ಆ ಕೊರಿಯಾದವರು ವೋಲ್ಟೇಜ್ ಅಳೆಯುವ ಸಾಧನ, ಒಂದು ಹೈ ವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬ್ ಕೇಳಿದ್ದರು. ಸಿಲಿಕಾನ್ ಕಾರ್ಬೈಡ್ ಎಷ್ಟು ಬೇಗ ಆನ್ ಆಫ್ ಆಗುತ್ತದೆಂದರೆ, ಮಾಮೂಲಿ ಪ್ರೋಬ್ ಹಿಡಿದರೆ ಆಸಿಲೋಸ್ಕೋಪಿನ ಪರದೆಯ ಮೇಲೆ ಕಾಣುವ ಅಲೆ ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. ನಿಮ್ಮ ಪರ್ಚೇಸ್‌ನವರು ಮೂರು ಕೊಟೇಷನ್ ಬೇಕು ಅಂದರು. ಬಂದದ್ದು ಒಂದೇ. ಫೈಲ್ ನಿಮ್ಮ ಮೇಜಿಗೆ ಬರುವಷ್ಟರಲ್ಲಿ ದೀಪಾವಳಿ. ಪ್ರೋಬ್ ಕೈಗೆ ಸಿಕ್ಕಿದ್ದು ಎರಡೂವರೆ ತಿಂಗಳ ಮೇಲೆ. ಅಷ್ಟು ದಿನ ಅವರು ಏನು ಮಾಡಿದರು ಎಂದು ಕೇಳಿದೆ. "ಸುಮ್ನೆ ಕೂತಿದ್ರು, ಹುಡುಗರಿಗೆ ಪಿಪಿಟಿ ತೋರಿಸ್ತಿದ್ರು" ಅಂದಿರಿ.

ಸ್ವಾಮಿ, ಅವರು ಹೊರಟದ್ದು ಏಳನೇ ತಿಂಗಳಿಗಲ್ಲ. ಆ ಎರಡೂವರೆ ತಿಂಗಳಲ್ಲೇ ಹೊರಟಾಗಿತ್ತು.

ಕೈಯಲ್ಲಿ ಕಸುಬು ಇರುವವರು ಸಂಬಳಕ್ಕಾಗಿ ಮಾತ್ರ ದೇಶ ಬಿಟ್ಟು ಬರುವುದಿಲ್ಲ. ಊರಲ್ಲಿ ಮಾಡಲು ಸಿಗದ ಕೆಲಸ ಇಲ್ಲಿ ಸಿಗುತ್ತದೆ ಎಂದು ಬರುತ್ತಾರೆ. ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫಾಕೆ-ವುಲ್ಫ್ 190 ವಿಮಾನ ವಿನ್ಯಾಸ ಮಾಡಿಕೊಟ್ಟ ಕುರ್ಟ್ ಟ್ಯಾಂಕ್ 1956ರಲ್ಲಿ ಎಚ್‌ಎಎಲ್‌ಗೆ ಬಂದರು. ಜೊತೆಗೆ ತಮ್ಮ ಜರ್ಮನ್ ತಂಡವನ್ನೂ ತಂದರು. ಸೋತ ಜರ್ಮನಿಯಲ್ಲಿ ವಿಮಾನ ಕಟ್ಟಲು ಬಿಡುತ್ತಿರಲಿಲ್ಲ. ಮೊದಲು ಅರ್ಜೆಂಟೀನಾಕ್ಕೆ ಹೋದರು. ಅಲ್ಲಿ ಪೆರೋನ್ ಸರ್ಕಾರ 1955ರಲ್ಲಿ ಬಿದ್ದ ಮೇಲೆ ಕೆಲಸ ನಿಂತಿತು. ಬೆಂಗಳೂರು ಅವರಿಗೆ ಕೊಟ್ಟದ್ದು ಹೊಸ ಜೆಟ್ ಒಂದನ್ನು ಶುರುವಿನಿಂದ ಕಟ್ಟುವ ಅವಕಾಶ. 1961ರ ಜೂನ್‌ನಲ್ಲಿ ಎಚ್‌ಎಫ್-24 ಮಾರುತ್ ಹಾರಿತು. ಟ್ಯಾಂಕ್ 1967ರವರೆಗೂ ಇಲ್ಲಿದ್ದರು. ಆ ವಿಮಾನಕ್ಕೆ ತಕ್ಕ ಇಂಜಿನ್ ಕೊನೆಗೂ ಸಿಗಲಿಲ್ಲ, ಅದು ಬೇರೆ ಕಥೆ. ಮಾವಿನಕಾಯಿ ಉಪ್ಪಿನಕಾಯಿ ಹಿಡಿಸಿತೆಂದು ಯಾರೂ ಹತ್ತು ವರ್ಷ ಇರುವುದಿಲ್ಲ. ಮಾಡಲು ಕೆಲಸ ಇತ್ತು, ಇದ್ದರು.

ಹಾಗಾಗಿ ಆಫರ್ ಲೆಟರ್ ಬರೆಯುವ ಮೊದಲು ಈ ಜರ್ಮನಿಯವರ ಜೊತೆ ಎರಡು ಗಂಟೆ ವಿಡಿಯೋ ಕಾಲ್ ಮಾಡಿ. ಸಂಬಳದ ಮಾತು ಬೇಡ. ಮೊದಲ ಮೂರು ತಿಂಗಳಿಗೆ ಬೆಂಚಿನ ಮೇಲೆ ಏನೇನು ಬೇಕು ಎಂದು ಪಟ್ಟಿ ಕೇಳಿ. ಅವರು ಬಂದಿಳಿಯುವ ದಿನ ಆ ಸಾಮಾನು ಲ್ಯಾಬಿನಲ್ಲಿ ಇರಬೇಕು. ಕಸ್ಟಮ್ಸ್‌ನಲ್ಲಿ ಅಲ್ಲ, ಲ್ಯಾಬಿನಲ್ಲಿ. ಆಮೇಲೆ ನಿಮ್ಮನ್ನು ಕೇಳದೆ ಅವರೇ ಸಹಿ ಮಾಡಿ ಖರೀದಿಸಬಹುದಾದ ಒಂದು ಮೊತ್ತ ಗೊತ್ತು ಮಾಡಿ. ನಿಮ್ಮ ಅಕೌಂಟೆಂಟ್ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಇನ್ನೊಂದು ವಿಷಯ ಲ್ಯಾಬಿನ ಭಾಷೆಯದು. ಇಂಗ್ಲಿಷ್ ಬರುತ್ತಾ ಅನ್ನುವ ಪ್ರಶ್ನೆ ಅಲ್ಲ. ನಮ್ಮವರ "ಆಗುತ್ತೆ ಸರ್", "ನೋಡೋಣ ಸರ್" ಇವೆಯಲ್ಲ, ಅವುಗಳದ್ದು. ನಮ್ಮ ಮನೆಗಳಲ್ಲಿ "ನೋಡೋಣ" ಅಂದರೆ ಇಲ್ಲ ಎಂದು ಮಕ್ಕಳಿಗೂ ಗೊತ್ತು. ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಜರ್ಮನ್ ಮ್ಯಾನೇಜರ್ ಒಬ್ಬರು ಮೂರು ವಾರ ಬಿಡಿಭಾಗ ಹಿಡಿದಿಡುವ ಒಂದು ಫಿಕ್ಸ್ಚರ್‌ಗಾಗಿ ಕಾದರು. ದಿನಾ ಕೇಳುತ್ತಿದ್ದರು. ಟೂಲ್ ರೂಮಿನವರು ದಿನಾ "ಹೋ ಜಾಯೇಗಾ" ಅನ್ನುತ್ತಿದ್ದರು. ಅದಕ್ಕೆ ಬೇಕಾದ ಸ್ಟೀಲೇ ಬಂದಿರಲಿಲ್ಲ. ಸಾಹೇಬರ ಮುಖಕ್ಕೆ ಇಲ್ಲ ಅನ್ನುವುದು ಹೇಗೆ ಎಂದು ಆ ಪುಣ್ಯಾತ್ಮರು ಅಳುಕಿದ್ದರು. ಮ್ಯಾನೇಜರಿಗೆ ಮಾತ್ರ ಇವರೆಲ್ಲ ಸೇರಿ ತನಗೆ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು. ಯಾರೂ ಕೆಟ್ಟವರಲ್ಲ. ಆದರೆ ನಂಬಿಕೆ ಹೋಯಿತು.

ನಿಮ್ಮ ಹುಡುಗರನ್ನು ಕೂರಿಸಿಕೊಂಡು ಹೇಳಿ: ಇವರ ಹತ್ತಿರ "ಇಲ್ಲ, ಸ್ಟೀಲ್ ಬಂದಿಲ್ಲ, ಗುರುವಾರ ಬರುತ್ತೆ" ಅಂದರೆ ಬೈಯುವುದಿಲ್ಲ, ಖುಷಿ ಪಡುತ್ತಾರೆ. ಜರ್ಮನಿಯವರಿಗೂ ಹೇಳಿ: ಮೀಟಿಂಗಿನಲ್ಲಿ ಎಲ್ಲರ ಎದುರು "ಇದು ತಪ್ಪು" ಅಂದರೆ ನಮ್ಮವರು ಆರು ತಿಂಗಳು ಬಾಯಿ ಬಿಡುವುದಿಲ್ಲ. ಈ ಎರಡು ಮಾತು ಮೊದಲೇ ಆಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮತ್ತೆ, ಇವರ ಸಂಬಳ ನಿಮ್ಮ ಸೀನಿಯರ್ ಡಿಸೈನ್ ಇಂಜಿನಿಯರಿಗೆ ಹೇಗೂ ಗೊತ್ತಾಗುತ್ತದೆ. ಎಂಐಡಿಸಿಯಲ್ಲಿ ಯಾವ ಗುಟ್ಟು ಉಳಿದಿದೆ ಹೇಳಿ? ನೀವೇ ಮೊದಲು ಅವರನ್ನು ಕರೆದು ಹೇಳಿ. ಎರಡು ವರ್ಷದ ಮೇಲೆ ಈ ಕೆಲಸ ಅವರ ಕೈಗೆ ಬರುತ್ತದೆ ಎಂದು ಬರೆದೂ ಕೊಡಿ. ಹೊರಗಿನವರನ್ನು ಉಳಿಸಿಕೊಳ್ಳಲು ಹೋಗಿ ಒಳಗಿನವರನ್ನು ಕಳೆದುಕೊಂಡ ಮಾಲೀಕರನ್ನು ನೋಡಿದ್ದೇನೆ.

ಇನ್ನು ವೀಸಾ. ಹೆದರುವಂಥದ್ದೇನಿಲ್ಲ, ಆದರೆ ಅಡ್ಡದಾರಿ ಹಿಡಿಯಬೇಡಿ. "ಬಿಸಿನೆಸ್ ವೀಸಾದಲ್ಲಿ ಬರಲಿ, ಆಮೇಲೆ ನೋಡೋಣ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಿಸಿನೆಸ್ ವೀಸಾ ಮೀಟಿಂಗಿಗೆ, ವ್ಯಾಪಾರದ ಮಾತಿಗೆ. ನಿಮ್ಮ ಪೇ-ರೋಲ್‌ನಲ್ಲಿ ಕೂತು ಕೆಲಸ ಮಾಡಲು ಎಂಪ್ಲಾಯ್‌ಮೆಂಟ್ ವೀಸಾ ಬೇಕು. ಅದನ್ನು ಅವರು ಜರ್ಮನಿಯಲ್ಲೇ ನಮ್ಮ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮೂಲಕ ಪಡೆಯಬೇಕು. ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚು ಸಂಬಳ ಇರಬೇಕು ಎಂಬ ನಿಯಮ ಇದೆ. ಭಾರತೀಯರು ಬೇಕಾದಷ್ಟು ಸಿಗುವ ಕೆಲಸಕ್ಕೆ, ಗುಮಾಸ್ತಿಕೆಯಂಥ ಕೆಲಸಕ್ಕೆ ಈ ವೀಸಾ ಕೊಡುವುದಿಲ್ಲ. ಹಾಗಾಗಿ ನಿಮ್ಮ ಪತ್ರದಲ್ಲಿ "ಅನುಭವಿ ಇಂಜಿನಿಯರ್ ಬೇಕಾಗಿದ್ದಾರೆ" ಎಂದು ಬರೆದರೆ ಸಾಲದು. ಹೈ ವೋಲ್ಟೇಜ್ ಇನ್ವರ್ಟರ್, ಸಿಲಿಕಾನ್ ಕಾರ್ಬೈಡ್, ಎಷ್ಟು ವರ್ಷದ ಅನುಭವ, ಇಲ್ಲಿ ಯಾಕೆ ಸಿಗಲಿಲ್ಲ, ಇವರಿಂದ ನಮ್ಮ ಎಷ್ಟು ಜನ ಕಲಿಯುತ್ತಾರೆ ಎಂದು ಬಿಡಿಸಿ ಬರೆಯಿರಿ. ಓದುವ ಅಧಿಕಾರಿಗೆ ಎಲೆಕ್ಟ್ರಾನಿಕ್ಸ್ ಗೊತ್ತಿರಬೇಕಾಗಿಲ್ಲ. ಅವರಿಗೂ ಅರ್ಥ ಆಗುವ ಹಾಗೆ ಇರಲಿ.

ವೀಸಾ 180 ದಿನಕ್ಕಿಂತ ಜಾಸ್ತಿ ಅವಧಿಯದ್ದಾದರೆ, ಬಂದ 14 ದಿನದೊಳಗೆ ನೋಂದಣಿ ಆಗಬೇಕು. ಈಗ ಇದೆಲ್ಲ ವಿದೇಶಿಯರ ನೋಂದಣಿಗೆಂದೇ ಇರುವ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಆನ್‌ಲೈನ್. ಮನೆ ಪುಣೆ ಪೊಲೀಸ್ ಕಮಿಷನರೇಟಿಗೆ ಸೇರುತ್ತದೋ ಪಿಂಪ್ರಿ-ಚಿಂಚ್‌ವಡಕ್ಕೋ ನೋಡಿಕೊಳ್ಳಿ. 2018ರಿಂದ ಎರಡೂ ಬೇರೆ ಬೇರೆ. ವಿದೇಶಿಯರ ಕಾನೂನೂ ಬದಲಾಗಿದೆ. 1946ರ ಹಳೆಯ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಬಂದಿದೆ. ಹಳೆಯ ಏಜೆಂಟರು ಹಳೆಯ ಫಾರ್ಮ್ ಹಿಡಿದುಕೊಂಡು ಬಂದರೆ ಎಚ್ಚರ. ವೀಸಾವನ್ನು ಇಲ್ಲೇ ಮುಂದುವರಿಸಿಕೊಳ್ಳಬಹುದು.

ಒಂದು ವಿಷಯವನ್ನು ಅವರಿಗೆ ಪ್ರಾಮಾಣಿಕವಾಗಿ ಹೇಳಿಬಿಡಿ. ಈ ವೀಸಾ ನಿಮ್ಮ ಕಂಪನಿಗೆ ಕಟ್ಟಿಹಾಕಿದ್ದು. ಇಲ್ಲೇ ಇದ್ದುಕೊಂಡು ಪಕ್ಕದ ಕಂಪನಿಗೆ ಹೋಗುವಂತಿಲ್ಲ. ಒಂದೇ ಗುಂಪಿನ ಕಂಪನಿಗಳಾದರೆ ಮಾತ್ರ ಅನುಮತಿ ಪಡೆದು ಬದಲಾಯಿಸಬಹುದು. ಮಾಲೀಕರಿಗೆ ಇದು ಕೇಳಲು ಚೆನ್ನಾಗಿರುತ್ತದೆ, ಹಕ್ಕಿ ಪಂಜರದಲ್ಲೇ ಇದೆಯಲ್ಲ ಎಂದು. ಆದರೆ ಬೇಸರವಾದ ದಿನ ಅವರಿಗೆ ಉಳಿಯುವ ದಾರಿ ಒಂದೇ, ವಾಪಸ್ ಊರಿಗೆ. ನಿಮ್ಮ ಕೊರಿಯಾದವರು ಪುಣೆಯಲ್ಲೇ ಇನ್ನೊಂದು ಕಂಪನಿ ಸೇರಿದ್ದರೆ ಸಂಜೆ ಚಹಾಕ್ಕಾದರೂ ಸಿಗುತ್ತಿದ್ದರು, ಒಂದೆರಡು ಮಾತು ಕೇಳಬಹುದಿತ್ತು.

ಹೋಲಿಸಿ ನೋಡಿ. ಹುಬ್ಬಳ್ಳಿಯ ಹುಡುಗ ಯುರೋಪಿನ ಕೆಲಸದ ಪರವಾನಗಿ ಬ್ಲೂ ಕಾರ್ಡ್ ಪಡೆದು ಮ್ಯೂನಿಕ್‌ಗೆ ಹೋದರೆ, ಸ್ವಲ್ಪ ಜರ್ಮನ್ ಕಲಿತು 27 ತಿಂಗಳಿಗೆ, ಇನ್ನೂ ಚೆನ್ನಾಗಿ ಕಲಿತರೆ 21 ತಿಂಗಳಿಗೆ ಅಲ್ಲಿ ಕಾಯಂ ವಾಸದ ಪರವಾನಗಿ ಕೇಳಬಹುದು. ಅವನ ಹೆಂಡತಿ ಹೋದ ಕೂಡಲೇ ಕೆಲಸಕ್ಕೆ ಸೇರಬಹುದು. ನಮ್ಮಲ್ಲಿ ಕಾಯಂ ವಾಸದ ಯೋಜನೆ 2016ರಲ್ಲಿ ಬಂತು. ಆದರೆ ಅದು 10 ಕೋಟಿ, 25 ಕೋಟಿ ಬಂಡವಾಳ ಹಾಕುವವರಿಗೆ. ಸಂಬಳದವರಿಗೆ ಅಂಥ ದಾರಿ ಇಲ್ಲ. ಅದನ್ನು ನಾನು ನೀವು ಬದಲಾಯಿಸಲಾಗುವುದಿಲ್ಲ. ಸರ್ಕಾರ ಕೊಡದ ಭರವಸೆಯನ್ನು ನಿಮ್ಮ ಕಂಪನಿ ಒಂದು ಮಟ್ಟಿಗೆ ತುಂಬಬೇಕು, ಅಷ್ಟೇ.

ಅದಕ್ಕೇ ನನ್ನ ಹತ್ತಿರ ಬರುವ ಸಣ್ಣ ಕಂಪನಿಗಳಿಗೆ ಮೊದಲು ಕೇಳುತ್ತೇನೆ: ಓಸಿಐ ಕಾರ್ಡ್ ಇರುವವರನ್ನು ಹುಡುಕಿದಿರಾ? ಜರ್ಮನ್ ಅಥವಾ ಅಮೆರಿಕನ್ ಪಾಸ್‌ಪೋರ್ಟ್ ಪಡೆದ ನಮ್ಮವರೇ. ಅವರಿಗೆ ಎಂಪ್ಲಾಯ್‌ಮೆಂಟ್ ವೀಸಾ ಬೇಕಿಲ್ಲ, ಆ 14 ದಿನದ ನೋಂದಣಿಯೂ ಇಲ್ಲ, ಕೆಲಸ ಬದಲಾಯಿಸಲೂ ತಡೆ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ತನ್ನ ಕೆಲಸದ ವೀಸಾ ಎಚ್-1ಬಿಯ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ಎಂದ ಮೇಲೆ, ಇನ್ನೇನು ಎಲ್ಲರೂ ಪುಣೆಗೆ ವಾಪಸ್ ಎಂದು ವಾಟ್ಸ್ಆಪ್‌ನಲ್ಲಿ ಹಬ್ಬ ನಡೆಯಿತು. ನಾನು ಅಷ್ಟು ನಂಬುವವಳಲ್ಲ. ಆದರೆ ನಿಮಗೆ ಬೇಕಿರುವುದು ಸಾವಿರ ಜನ ಅಲ್ಲ, ಒಬ್ಬರು. ಜರ್ಮನಿಯವರು ಕಡೇ ಗಳಿಗೆಯಲ್ಲಿ ಬೇಡ ಅಂದರೆ ಈ ಬಾಗಿಲು ನೆನಪಿರಲಿ.

ಈಗ ದುಡ್ಡು. ಎಷ್ಟು ಕೊಡಬೇಕು ಎಂದು ಒಂದು ಅಂಕಿ ಕೇಳಿದ್ದೀರಿ. ಅದನ್ನು ನಾನು ಹೇಳುವುದಿಲ್ಲ. ಅವರ ಈಗಿನ ಸಂಬಳ, ಅಲ್ಲಿನ ಮನೆ ಸಾಲ ನೋಡದೆ ಹೇಳಿದರೆ ಅದು ಊಹೆ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಅವರು ಕೇಳುವುದು ಕೈಗೆ ಬರುವ ದುಡ್ಡು. ನೀವು ಹೇಳುವುದು ಸಿಟಿಸಿ, ಅಂದರೆ ಅವರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಮಧ್ಯೆ ದೊಡ್ಡ ಹಳ್ಳ ಇದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 24 ಲಕ್ಷದ ಮೇಲೆ ಶೇ 30, ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಶೇ 10 ಸರ್‌ಚಾರ್ಜ್, ಅದರ ಮೇಲೆ ಶೇ 4 ಸೆಸ್. ನೀವು ಕೊಡುವ ಮನೆ, ಮಗಳ ಶಾಲೆಯ ಫೀ ಇವಕ್ಕೂ ತೆರಿಗೆ ಬೀಳುತ್ತದೆ. ಇದನ್ನು ಹೇಳದೆ ಸಹಿ ಹಾಕಿಸಿದರೆ ಮೊದಲ ಪೇ-ಸ್ಲಿಪ್ ಬಂದ ದಿನವೇ ಮನಸ್ತಾಪ.

ಎಲ್ಲಕ್ಕಿಂತ ಜಾಸ್ತಿ ಗಾಬರಿ ಹುಟ್ಟಿಸುವುದು ಪಿಎಫ್. ನಮ್ಮವರಿಗೆ 15,000 ರೂಪಾಯಿಯ ಮಿತಿ ಹಿಡಿದು ತಿಂಗಳಿಗೆ 1,800 ಕಡಿಯುವುದು ನಿಮಗೆ ಗೊತ್ತು. 2008ರ ಅಕ್ಟೋಬರ್‌ನಿಂದ "ಇಂಟರ್‌ನ್ಯಾಷನಲ್ ವರ್ಕರ್" ಎಂಬ ಬೇರೆ ಲೆಕ್ಕ ಇದೆ. ಅವರಿಗೆ ಆ ಮಿತಿ ಇಲ್ಲ. ಪಿಎಫ್ ಲೆಕ್ಕಕ್ಕೆ ಬರುವ ಸಂಬಳ 4 ಲಕ್ಷ ಆದರೆ, ಶೇ 12ರಂತೆ ಅವರಿಂದ 48,000, ನಿಮ್ಮಿಂದ 48,000. ತಿಂಗಳಿಗೆ! ಕರ್ನಾಟಕ ಹೈಕೋರ್ಟ್ 2024ರಲ್ಲಿ ಈ ನಿಯಮ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಬೆಂಗಳೂರಿನ ನಿಮ್ಮ ಗೆಳೆಯರು ಅದನ್ನೇ ಹೇಳಿರಬಹುದು. ದಿಲ್ಲಿ ಹೈಕೋರ್ಟ್ 2025ರಲ್ಲಿ ನಿಯಮ ಸರಿ ಎಂದಿತು. ನೀವು ಇರುವುದು ಮಹಾರಾಷ್ಟ್ರದಲ್ಲಿ. ತೆಪ್ಪಗೆ ಕಟ್ಟಿ. ನಿಮ್ಮ ಅದೃಷ್ಟಕ್ಕೆ ಇವರು ಜರ್ಮನಿಯವರು. ಆ ದೇಶದೊಂದಿಗೆ ನಮಗೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ. ಹಾಗಾಗಿ ಕೆಲಸ ಬಿಟ್ಟು ಹೋಗುವಾಗ ಪಿಎಫ್ ದುಡ್ಡು ತೆಗೆದುಕೊಳ್ಳಬಹುದು. ಕೊರಿಯಾಕ್ಕೂ ಇದೆ. ಅಮೆರಿಕದವರಾಗಿದ್ದರೆ 58 ವರ್ಷ ಆಗುವವರೆಗೆ ಕಾಯಬೇಕಿತ್ತು.

46 ವರ್ಷದವರು ಬಾಯಿಬಿಟ್ಟು ಕೇಳದೆ ಒಳಗೊಳಗೇ ಲೆಕ್ಕ ಹಾಕುವುದು ಪಿಂಚಣಿ. 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಜರ್ಮನಿ ಒಪ್ಪಂದದಲ್ಲಿ, ಪಿಂಚಣಿಯ ಅರ್ಹತೆಗೆ ಎರಡೂ ದೇಶಗಳಲ್ಲಿ ದುಡಿದ ಅವಧಿಯನ್ನು ಕೂಡಿಸಿಕೊಳ್ಳಬಹುದು. ಇದನ್ನು ನೀವಾಗಿಯೇ ಹೇಳಿ. ಅವರ ಮುಖದಲ್ಲಿ ಗೆಲುವು ಕಾಣುತ್ತದೆ. ತೆರಿಗೆಯಲ್ಲೂ ಒಂದು ಒಳ್ಳೆ ಸುದ್ದಿ ಇದೆ. ಹೊಸದಾಗಿ ಬಂದವರು ಮೊದಲ ಎರಡು ಮೂರು ವರ್ಷ "ಸಾಮಾನ್ಯ ನಿವಾಸಿ ಅಲ್ಲದ ನಿವಾಸಿ" ಎಂಬ ವರ್ಗದಲ್ಲಿ ಇರುತ್ತಾರೆ. ಹೆಸರು ಕೇಳಿ ನಗಬೇಡಿ, ಕಾನೂನಿನಲ್ಲಿ ಹಾಗೇ ಇದೆ. ಆಗ ಜರ್ಮನಿಯಲ್ಲಿರುವ ಅವರ ಮನೆಯ ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ತೆರಿಗೆ, ಪಿಎಫ್ ಕಳೆದು ಉಳಿದ ಸಂಬಳವನ್ನು ಊರಿಗೆ ಕಳಿಸಲೂ ಅಡ್ಡಿ ಇಲ್ಲ. ಒಬ್ಬ ಒಳ್ಳೆ ಸಿಎ ಜೊತೆ ಅವರನ್ನು ಒಂದು ಗಂಟೆ ಮಾತಾಡಿಸಿ. ಫೀ ನೀವು ಕೊಡಿ.

ಅವರು ಈಗಿರುವ ಜರ್ಮನ್ ಕಂಪನಿಯಿಂದಲೇ ಎರವಲು ತಂದರೆ ಹೇಗೆ ಎಂದು ಫೋನಿನಲ್ಲಿ ಕೇಳಿದಿರಿ. ಬೇಡ. ಅಂಥ ಎರವಲು ನೌಕರಿ ಜನರನ್ನು ಒದಗಿಸುವ ಸೇವೆ ಆಗುತ್ತದೆ, ಅದಕ್ಕೆ ಸೇವಾ ತೆರಿಗೆ ಬೀಳುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ ಹೇಳಿತು. ಅಲ್ಲಿಂದ ಜಿಎಸ್‌ಟಿ ನೋಟಿಸುಗಳು ಶುರುವಾದವು. ನಿಮ್ಮ ಗಾತ್ರದ ಕಂಪನಿಗೆ ಆ ತಲೆನೋವು ಯಾಕೆ?

ಈಗ ಮನೆಯವರ ವಿಷಯ. ಕೊರಿಯಾದವರು ಹೇಳಿದ್ದು ಪೂರ್ತಿ ನೆಪ ಅಂತ ನಾನು ಹೇಳುತ್ತಿಲ್ಲ. ನೀವು ಅವರಿಗೆ ಮನೆ ಕೊಟ್ಟದ್ದು ಎಲ್ಲಿ? ಕಾರ್ಖಾನೆಯಿಂದ ಹತ್ತು ನಿಮಿಷ, ಹೊಸ ಕಟ್ಟಡ, 14ನೇ ಮಹಡಿ. ಗಂಡ ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಾರೆ. ಕೆಳಗೆ ಇಳಿದರೆ ಫುಟ್‌ಪಾತ್ ಇಲ್ಲ. ಮಾತಾಡಿಸಲು ಒಬ್ಬರಿಲ್ಲ. ಗಂಡನಿಗೆ ಪ್ರಯಾಣ ಉಳಿಯಿತು, ಹೆಂಡತಿಗೆ ಊರೇ ಸಿಗಲಿಲ್ಲ.

ಇವರಿಗೆ ಕಲ್ಯಾಣಿನಗರ, ಕೋರೆಗಾಂವ್ ಪಾರ್ಕ್ ಕಡೆ ನೋಡಿ. ಇಲ್ಲವೇ ಬಾಣೇರ್, ಬಾಲೆವಾಡಿ. ನೆರಳಿರುವ ರಸ್ತೆ, ನಡೆದು ಹೋಗುವ ದೂರದಲ್ಲಿ ಅಂಗಡಿ, ಬೇರೆ ದೇಶದ ನಾಲ್ಕು ಕುಟುಂಬ. ಭೋಸರಿಗೆ ದಿನಾ ಓಡಾಡಲು ಕಾರು, ಡ್ರೈವರ್ ಕೊಡಿ. ಅವರ ಕೈಗೆ ಸ್ಟೇರಿಂಗ್ ಕೊಡಬೇಡಿ, ನಾಶಿಕ್ ಫಾಟಾದಲ್ಲಿ ಮೊದಲ ವಾರವೇ ಪ್ರಾಣ ಹೋದ ಹಾಗೆ ಆಗುತ್ತದೆ. ಮನೆ ಆರಿಸುವ ಕೆಲಸ ಹೆಂಡತಿಯದ್ದಾಗಿರಲಿ. ಸಹಿ ಹಾಕುವ ಮೊದಲು ಇಬ್ಬರನ್ನೂ ಒಂದು ವಾರ ಕರೆಸಿ, ಊರು ತೋರಿಸಿ. ಆ ವಾರ ನವೆಂಬರ್‌ನಿಂದ ಫೆಬ್ರವರಿ ಒಳಗೆ ಇರಲಿ ಅನ್ನಬೇಕು ನಾನು. ಆದರೆ ಚಳಿಗಾಲದ ಪುಣೆ ತೋರಿಸಿ ಜುಲೈಯಲ್ಲಿ ಇಳಿಸಿದರೆ ಅದೂ ಒಂದು ಮೋಸವೇ ಅಲ್ವಾ? ಇಂಟರ್‌ನ್ಯಾಷನಲ್ ಶಾಲೆಗಳು ಶುರುವಾಗುವುದು ಮಳೆಗಾಲದಲ್ಲೇ. ಮಗಳಿಗಾಗಿ ಅವರು ಆಗಲೇ ಬರಬೇಕಾಗುತ್ತದೆ. ಗೋಡೆಗೆ ಬೂಸ್ಟು ಹಿಡಿಯುತ್ತದೆ, ಕರೆಂಟು ಹೋಗುತ್ತದೆ ಎಂದು ಮೊದಲೇ ಹೇಳಿಬಿಡಿ. ಹೇಳಿದ ಕಷ್ಟ ಅರ್ಧ ಕಷ್ಟ.

ಮಗಳಿಗೆ ಪುಣೆಯಲ್ಲಿ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಕಲಿಸುವ ಶಾಲೆಗಳಿವೆ. ಸೀಟು ಸಿಕ್ಕ ಮೇಲೆ ಆಫರ್ ಲೆಟರ್, ಮೊದಲಲ್ಲ. ಮನೆ ಬಾಡಿಗೆಗೆ ಮಹಾರಾಷ್ಟ್ರದಲ್ಲಿ ಲೀವ್ ಆಂಡ್ ಲೈಸೆನ್ಸ್ ಕರಾರು ನೋಂದಣಿ ಆಗಲೇಬೇಕು. ಸಾಧ್ಯವಾದರೆ ಕರಾರು ಕಂಪನಿ ಹೆಸರಿನಲ್ಲಿ ಮಾಡಿ. ವಿದೇಶಿಯರು ಬಂದು ಉಳಿದರೆ ಮನೆ ಮಾಲೀಕರು 24 ಗಂಟೆಯಲ್ಲಿ ಪೊಲೀಸರಿಗೆ ಆನ್‌ಲೈನ್ ಮಾಹಿತಿ ಕೊಡಬೇಕು. ಈಗಲೂ ಎಲ್ಲರೂ ಅದನ್ನು ಸಿ ಫಾರ್ಮ್ ಅಂತಲೇ ಕರೆಯುತ್ತಾರೆ. ಕಂಪನಿಯವರೇ ಕೂತು ಮಾಡಿಕೊಡಿ, ಇಲ್ಲದಿದ್ದರೆ ಅಜ್ಜ-ಅಜ್ಜಿಯಂಥ ಮಾಲೀಕರು ಹೆದರಿ ಮನೆಯೇ ಬೇಡ ಅನ್ನುತ್ತಾರೆ.

ಹೆಂಡತಿಗೆ ಸಿಗುವುದು ಎಂಟ್ರಿ ವೀಸಾ. ಎಕ್ಸ್ ವೀಸಾ ಅನ್ನುತ್ತೇವೆ. ಅದರಲ್ಲಿ ಕೆಲಸ ಮಾಡುವಂತಿಲ್ಲ. ಅಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳು ಇಲ್ಲಿ ದಿನವಿಡೀ ಮನೆಯಲ್ಲಿ. ಆರನೇ ತಿಂಗಳಿಗೆ ಏನಾಗುತ್ತದೆ ಎಂದು ಕೇಳಬೇಡಿ. ಇಲ್ಲೊಂದು ಸಣ್ಣ ಕಿಂಡಿ ಇದೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರಿಗೆ, ಅನುವಾದ ಮಾಡುವವರಿಗೆ ಆ 16.25 ಲಕ್ಷದ ನಿಯಮ ಅನ್ವಯಿಸುವುದಿಲ್ಲ. ಪುಣೆಯಷ್ಟು ಜರ್ಮನ್ ಕಲಿಯುವ ಹುಚ್ಚು ಇರುವ ಊರು ನಮ್ಮಲ್ಲಿ ಕಡಿಮೆ. ಮ್ಯಾಕ್ಸ್ ಮುಲ್ಲರ್ ಭವನ ಇದೆ, ಕಾಲೇಜುಗಳಿವೆ, ಗಲ್ಲಿಗೊಂದು ಕ್ಲಾಸ್ ಇದೆ. ಅವರಿಗೆ ಕಲಿಸುವ ಅರ್ಹತೆ, ಇಷ್ಟ ಇದ್ದರೆ, ಕೆಲಸ ಕೊಡುವ ಸಂಸ್ಥೆ ಸಿಕ್ಕರೆ, ಸ್ವಂತ ಎಂಪ್ಲಾಯ್‌ಮೆಂಟ್ ವೀಸಾಕ್ಕೆ ದಾರಿ ಇದೆ. ವೀಸಾ ಕೈಗೆ ಬರುವ ಮೊದಲು ಒಂದು ಕ್ಲಾಸೂ ತೆಗೆದುಕೊಳ್ಳಬಾರದು. ಸ್ನೇಹಕ್ಕೆ ಅಂದರೂ ಬೇಡ.

ನಾನು 2001ರಲ್ಲಿ ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ಗ್ಯಾಸ್ ಸಿಲಿಂಡರ್ ಬುಕ್ ಮಾಡುವಷ್ಟು ಮರಾಠಿಯೂ ಬರುತ್ತಿರಲಿಲ್ಲ. ಕೆಳಗಿನ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಒಬ್ಬರು ಮೊದಲ ತಿಂಗಳು ಕೈ ಹಿಡಿದು ಮಂಡಿಗೆ ಕರೆದುಕೊಂಡು ಹೋದರು. ಆಮೇಲೆ ಕನ್ನಡ ಸಂಘದಲ್ಲಿ ನಾಲ್ಕು ಮುಖ ಸಿಕ್ಕವು, ವಿಜಯಪುರದವರೊಬ್ಬರ ಮನೆಯಲ್ಲಿ ಕಟಕ್ ರೊಟ್ಟಿ ಸಿಕ್ಕಿತು. ಗಂಡನ ಸಂಬಳ ಆಗ ಏನೇನೂ ಇರಲಿಲ್ಲ. ಆದರೂ ಉಳಿದೆವು. ನಿಮ್ಮ ಆಫೀಸಿನಲ್ಲಿ ಅಂಥ ಒಬ್ಬ ಕಾಕು ಬೇಕು. ಎಚ್‌ಆರ್ ಹುಡುಗನಲ್ಲ. ಊರು ಬಲ್ಲ, ಫೋನ್ ಮಾಡಿದರೆ ಎತ್ತುವ, ಪ್ಲಂಬರ್‌ನಿಂದ ಹಲ್ಲಿನ ಡಾಕ್ಟರವರೆಗೆ ಗೊತ್ತಿರುವ ಒಬ್ಬ ಹೆಂಗಸು. ಅವರಿಗೆ ಅದಕ್ಕೆಂದೇ ಸಂಬಳ ಕೊಡಿ.

ಕೊನೆಗೆ ಬಾಂಡ್. ಕಾನೂನು ನೋಡಿದರೆ, ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಕಟ್ಟಬೇಕು ಎಂಬ ಷರತ್ತು ತಾನಾಗಿಯೇ ತಪ್ಪಲ್ಲ. 2025ರಲ್ಲಿ ಒಂದು ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಅಂಥ ಬಾಂಡನ್ನು ಎತ್ತಿಹಿಡಿದಿದೆ. ಆದರೆ ಸ್ಟುಟ್‌ಗಾರ್ಟ್‌ಗೆ ಹೋಗಿ ಕೂತವರಿಂದ ಎರಡು ಲಕ್ಷ ವಸೂಲಿ ಮಾಡಲು ಶಿವಾಜಿನಗರ ಕೋರ್ಟಿನಲ್ಲಿ ಎಷ್ಟು ವರ್ಷ ಅಲೆಯುತ್ತೀರಿ? ಬಾಂಡ್ ನೋಡಿದ ಕೂಡಲೇ ಅವರ ಹೆಂಡತಿ ಕೇಳುವ ಪ್ರಶ್ನೆ ಬೇರೆ: ಅಷ್ಟು ಹೆದರಿಕೆ ಯಾಕೆ, ಅಲ್ಲಿ ಏನಿದೆ?

ಹಿಂದೆ ಇದೇ ಪುಣೆಯಲ್ಲಿ ನಮ್ಮವರೊಬ್ಬರು ಕೆಲಸಕ್ಕಿದ್ದರು. ಇಲ್ಲೇ ಓದಿದವರು. 1903ರಲ್ಲಿ ಖಡಕ್‌ವಾಸಲಾ ಅಣೆಗೆ ತಾನಾಗಿ ತೆರೆದು ಮುಚ್ಚುವ ಬಾಗಿಲು ಹಾಕಿದವರು. ಮುಂಬಯಿ ಸರ್ಕಾರದಲ್ಲಿ ಚೀಫ್ ಇಂಜಿನಿಯರ್ ಕುರ್ಚಿ ತಮಗೆ ಸಿಗುವ ಹಾಗೆ ಕಾಣಲಿಲ್ಲ. ಬೇಗನೆ ನಿವೃತ್ತಿ ಪಡೆದು ಹೊರಟರು. 1909ರಲ್ಲಿ ಮೈಸೂರು ಅದೇ ಕುರ್ಚಿ ಕೊಟ್ಟು ಕರೆಯಿತು. ವಿಶ್ವೇಶ್ವರಯ್ಯನವರನ್ನು ಯಾವ ಬಾಂಡ್ ತಡೆಯುತ್ತಿತ್ತು?

ಆ ಬಾಂಡಿನ ಬದಲು ಬೋನಸ್ ಮಾಡಿ. ಕೊಡಬೇಕೆಂದಿರುವ ದುಡ್ಡಿನ ಒಂದು ಭಾಗ 12 ತಿಂಗಳಿಗೆ, ದೊಡ್ಡ ಭಾಗ 24 ತಿಂಗಳಿಗೆ. ಕಂಟ್ರೋಲರ್ ಟೆಸ್ಟಿಂಗ್ ಪಾಸಾದ ದಿನ ಇನ್ನೊಂದಿಷ್ಟು. ಅವರೇ ಬಿಟ್ಟು ಹೋದರೆ ಉಳಿದದ್ದು ಇಲ್ಲ, ನೀವು ಕಳಿಸಿದರೆ ಪೂರ್ತಿ ಕೊಡಬೇಕು. ಮೂರನೇ ತಿಂಗಳ ಕೊನೆಗೆ ಅವರನ್ನೂ ಅವರ ಹೆಂಡತಿಯನ್ನೂ ನಿಮ್ಮ ಮನೆಗೆ ಊಟಕ್ಕೆ ಕರೆದು, ಏನು ಸರಿಯಿಲ್ಲ ಎಂದು ಕೇಳಿ. ಅಂದು ಪರ್ಚೇಸ್ ಮ್ಯಾನೇಜರನ್ನು ಕರೆಯಬೇಡಿ.

ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿ: ವರ್ಷಕ್ಕೊಮ್ಮೆ ಮೂವರಿಗೂ ಊರಿಗೆ ಹೋಗಿಬರುವ ಟಿಕೆಟ್, ಕ್ರಿಸ್‌ಮಸ್ ಹೊತ್ತಿಗೆ ಮೂರು ವಾರ ರಜೆ. ಡಿಸೆಂಬರ್‌ನಲ್ಲಿ ನಿಮ್ಮ ಡಿಸ್‌ಪ್ಯಾಚ್ ಎಷ್ಟೇ ಇರಲಿ, ಆ ಮೂರು ವಾರ ಅವರಿಗೆ ಫೋನ್ ಮಾಡಬೇಡಿ.